ಕಿಡಿಯ ಲೋಪ: ಹಳೆಯ ಮೋಟಾರು ಗಾಡಿಗಳ ಇಗ್ನಿಷನ್ ದೋಷಶೋಧನೆಯ ಇತಿಹಾಸವನ್ನು ಕುರಿತು

ಯಂತ್ರಗಳ ಇತಿಹಾಸವನ್ನು ಬರೆಯತೊಡಗುವವರು ಸಾಮಾನ್ಯವಾಗಿ ಪೇಟೆಂಟು ಪತ್ರಗಳನ್ನೂ, ತಯಾರಕರ ದಾಖಲೆಗಳನ್ನೂ, ಶೋಧಕರ ಆತ್ಮವೃತ್ತಾಂತಗಳನ್ನೂ ಆಶ್ರಯಿಸುತ್ತಾರೆ. ಇವೆಲ್ಲವೂ ಯಂತ್ರವು ಓಡಿದ ಸಂಗತಿಯನ್ನು ತಿಳಿಸುತ್ತವೆ. ಅದು ನಿಂತುಹೋದ ಸಂಗತಿಯನ್ನು ತಿಳಿಸುವುದು ಬಲು ಅಪೂರ್ವ. ಆದರೆ ಯಂತ್ರದೊಡನೆ ಬಾಳಿದ ಜನರ ಅನುಭವದಲ್ಲಿ ನಿಲುಗಡೆಗೆ ಓಟದಷ್ಟೇ ಸ್ಥಾನವುಂಟು. ಮೋಟಾರು ಗಾಡಿಯ ಮೊದಲ ಐವತ್ತು ವರ್ಷಗಳಲ್ಲಿ ದಾರಿಯ ಬದಿಯಲ್ಲಿ ಹುಡ್ ಎತ್ತಿ ನಿಂತವನು ಮೊದಲು ಸಂಶಯಪಡುತ್ತಿದ್ದ ಭಾಗವೆಂದರೆ ಇಂಜಿನಿನೊಳಗೆ ಕಿಡಿ ಹೊತ್ತಿಸುವ ಏರ್ಪಾಡು, ಎಂದರೆ ಚಾಲಕರೂ ಮೆಕ್ಯಾನಿಕರೂ ಇಗ್ನಿಷನ್ ಎಂದು ಕರೆಯುವ ಅಂಗ. ಈ ಅಂಗದ ಇತಿಹಾಸವನ್ನು ಅದರ ಶೋಧಗಳ ಕಡೆಯಿಂದ ನೋಡದೆ ಅದರ ದೋಷಗಳ ಕಡೆಯಿಂದ ನೋಡಿದರೆ ಯಾವ ಚಿತ್ರ ಕಾಣುವುದೆಂಬುದನ್ನು ಪ್ರಸ್ತುತ ಲೇಖನದಲ್ಲಿ ವಿಚಾರ ಮಾಡಲು ಉದ್ದೇಶಿಸಿದ್ದೇವೆ. ಹೊಸ ಸುಧಾರಣೆಯೊಂದು ಬಂದಾಗಲೆಲ್ಲ ಹಳೆಯ ದೋಷಗಳು ಕಡಿಮೆಯಾದವು ಎಂಬುದು ನಿರ್ವಿವಾದ. ಉಳಿದ ದೋಷ ಮಾತ್ರ ಇನ್ನೂ ಒಳಗೆ, ಇನ್ನೂ ಚಿಕ್ಕ ವಸ್ತುವಿನಲ್ಲಿ ಹೋಗಿ ಅಡಗಿತು. ಅದನ್ನು ಕಂಡುಹಿಡಿಯಲು ಬೇಕಾದ ಇಂದ್ರಿಯವೂ ಬದಲಾಯಿತು. ಇದು ನಮ್ಮ ಅಭಿಪ್ರಾಯ.

ಪೆಟ್ರೋಲ್ ಇಂಜಿನು ನಡೆಯಬೇಕಾದರೆ ಇಂಧನ ಮತ್ತು ಗಾಳಿಯ ಮಿಶ್ರಣ ಸಿಲಿಂಡರಿನೊಳಗೆ ಬರಬೇಕು. ಅದು ಪಿಸ್ಟನ್ನಿನಿಂದ ಒತ್ತಲ್ಪಡಬೇಕು. ತಕ್ಕ ಕ್ಷಣದಲ್ಲಿ ಅದಕ್ಕೆ ಬೆಂಕಿ ತಗುಲಬೇಕು. ಮೊದಲೆರಡು ಕೊಳಾಯಿ ಕವಾಟಗಳ ಕೆಲಸ. ಕುಶಲಿಗಳಾದ ಲೋಹಕಾರರು ಅವನ್ನು ಬೇಗನೆ ಸಾಧಿಸಿದರು. ಮೂರನೆಯದು ಮಾತ್ರ ಬಹಳ ಕಾಲ ಕಾಡಿತು. ೧೮೬೦ರಲ್ಲಿ ಲೆನ್ವಾರನು ತನ್ನ ಅನಿಲ ಇಂಜಿನಿಗೆ ಬ್ಯಾಟರಿಯನ್ನೂ ರೂಮ್‌ಕಾರ್ಫ್ ಸುರುಳಿಯನ್ನೂ ಜೋಡಿಸಿ ವಿದ್ಯುತ್ ಕಿಡಿಯನ್ನೇ ಬಳಸಿದನು. ಅದು ಆಗಾಗ ಕೈಕೊಡುತ್ತಿದ್ದುದರಿಂದ ಅನಂತರ ಬಂದವರು ಬಹುಮಟ್ಟಿಗೆ ಅದನ್ನು ಬಿಟ್ಟರು. ೧೮೭೬ರ ಆಟೋ ಇಂಜಿನಿನಲ್ಲಿ ಸಣ್ಣ ಜ್ವಾಲೆಯೊಂದನ್ನು ಜಾರುಕವಾಟದ ಮೂಲಕ ಒಳಕ್ಕೆ ಕೊಂಡೊಯ್ಯುವ ಏರ್ಪಾಡಿತ್ತು. ಡೈಮ್ಲರ್ ಮತ್ತು ಮೇಬಾಕ್ ೧೮೮೩ರಲ್ಲಿ ಕಾದ ನಳಿಕೆಯ ಕ್ರಮವನ್ನು ತಂದರು. ಒಂದು ತುದಿ ಮುಚ್ಚಿದ ಲೋಹದ ನಳಿಕೆಯನ್ನು ಹೊರಗಿನಿಂದ ದೀಪವೊಂದು ಕೆಂಪಗೆ ಕಾಯಿಸುತ್ತಿರುವುದು, ಒತ್ತಲ್ಪಟ್ಟ ಮಿಶ್ರಣ ಅದರೊಳಕ್ಕೆ ನುಗ್ಗಿ ಹೊತ್ತಿಕೊಳ್ಳುವುದು, ಇದಿಷ್ಟೇ ಅದರ ರಹಸ್ಯ. ಹೊತ್ತಿಕೊಳ್ಳುವ ಕ್ಷಣವನ್ನು ಹಿಂದುಮುಂದು ಮಾಡುವ ಉಪಾಯ ಇದರಲ್ಲಿ ಇರಲಿಲ್ಲ. ಗಾಡಿಗೇ ಬೆಂಕಿ ಬೀಳುವ ಭಯವಂತೂ ಇದ್ದೇ ಇತ್ತು. ಆದರೆ ದೋಷಶೋಧನೆಯ ದೃಷ್ಟಿಯಿಂದ ನೋಡಿದರೆ ಕಾದ ನಳಿಕೆಯಷ್ಟು ಪ್ರಾಮಾಣಿಕವಾದ ಏರ್ಪಾಡು ಮುಂದೆ ಎಂದೂ ಬರಲಿಲ್ಲ. ದೀಪ ಆರಿದ್ದರೆ ಇಂಜಿನು ನಿಲ್ಲುವುದು. ಆರಿದೆಯೋ ಇಲ್ಲವೋ ಎಂಬುದನ್ನು ಮಗುವೂ ನೋಡಿ ಹೇಳಬಲ್ಲದು.

ಈ ಸ್ಪಷ್ಟತೆಯನ್ನು ತೊರೆದು ಪುನಃ ವಿದ್ಯುತ್ತಿನ ಕಡೆ ತಿರುಗಿದವನು ಕಾರ್ಲ್ ಬೆನ್ಜನು. ೧೮೮೬ರ ಜನವರಿ ೨೯ರಂದು ಅವನು ಪೇಟೆಂಟಿಗೆ ಅರ್ಜಿ ಹಾಕಿದ ಮೂರು ಚಕ್ರದ ಗಾಡಿಯಲ್ಲಿ ಬ್ಯಾಟರಿ, ಕಂಪಕವುಳ್ಳ ಸುರುಳಿ, ಸ್ಪಾರ್ಕ್ ಪ್ಲಗ್ ಈ ಮೂರೂ ಇದ್ದುವು. ಗಾಡಿಯ ಎಲ್ಲ ಸಮಸ್ಯೆಗಳಲ್ಲಿ ಕಿಡಿಯ ಸಮಸ್ಯೆಯೇ ಹಿರಿದೆಂದು ಅವನು ಭಾವಿಸಿದ್ದನು. ಅದರಲ್ಲಿ ಸತ್ಯವೆಷ್ಟು ಎಂಬುದನ್ನು ಅವನ ಪತ್ನಿ ಬರ್ಥಾಳ ಪ್ರಯಾಣ ತೋರಿಸಿಕೊಟ್ಟಿತು. ೧೮೮೮ರ ಆಗಸ್ಟ್ ತಿಂಗಳಲ್ಲಿ ಆಕೆ ತನ್ನ ಇಬ್ಬರು ಗಂಡುಮಕ್ಕಳೊಡನೆ ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ, ನೂರು ಕಿಲೋಮೀಟರಿಗೂ ಮಿಕ್ಕ ದಾರಿಯನ್ನು, ಗಂಡನಿಗೆ ತಿಳಿಸದೆ ಆ ಗಾಡಿಯಲ್ಲಿ ಕ್ರಮಿಸಿದಳು. ದಾರಿಯಲ್ಲಿ ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಸೂಜಿಯಿಂದ ಅದನ್ನು ಬಿಡಿಸಿದಳೆಂದೂ, ಕಿಡಿಯ ತಂತಿ ಬರಿಯದಾದಾಗ ಕಾಲುಚೀಲವನ್ನು ಬಿಗಿಯುವ ಪಟ್ಟಿಯನ್ನೇ ಅದಕ್ಕೆ ಸುತ್ತಿದಳೆಂದೂ ಹೇಳುತ್ತಾರೆ. ಕುಟುಂಬದವರ ನೆನಪಿನ ಮೂಲಕ ಬಂದ ಕಥೆಯಾದುದರಿಂದ ವಿವರಗಳು ನಿರೂಪಣೆಯಿಂದ ನಿರೂಪಣೆಗೆ ಕೊಂಚ ಭಿನ್ನವಾಗಿವೆ. ಜನಪ್ರಿಯ ಗ್ರಂಥಗಳು ಈ ಘಟನೆಯನ್ನು ಸಾಹಸದ ದೃಷ್ಟಾಂತವಾಗಿ ಮಾತ್ರ ಹೇಳಿ ಮುಂದೆ ಸಾಗುತ್ತವೆ; ಇದು ನಮಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ಮಿಶ್ರಣದ ದೋಷ ಬೇರೆ, ಕಿಡಿಯ ದೋಷ ಬೇರೆ ಎಂಬ ವಿವೇಚನೆ ಆಕೆಗೆ ಇಲ್ಲದಿದ್ದರೆ ಸೂಜಿಯೂ ಪಟ್ಟಿಯೂ ಯಾವ ಪ್ರಯೋಜನಕ್ಕೂ ಬರುತ್ತಿರಲಿಲ್ಲ. ನಿಂತ ಇಂಜಿನಿನ ಮುಂದೆ ನಿಂತು ಮೊದಲು ಕೇಳಬೇಕಾದ ಪ್ರಶ್ನೆಯನ್ನು ಆಕೆ ಕೇಳಿದ್ದಳು.

ಬ್ಯಾಟರಿ ಬೇಗ ಬರಿದಾಗುತ್ತಿದ್ದುದೇ ಬೆನ್ಜನ ಕ್ರಮದ ದೊಡ್ಡ ಕೊರತೆ. ಅದನ್ನು ನೀಗಿಸಲು ಬಂದುದು ಮ್ಯಾಗ್ನೆಟೊ. ಅಯಸ್ಕಾಂತದ ಮುಂದೆ ತಂತಿಯ ಸುರುಳಿಯನ್ನು ಆಡಿಸಿ ಇಂಜಿನೇ ತನಗೆ ಬೇಕಾದ ವಿದ್ಯುತ್ತನ್ನು ಹುಟ್ಟಿಸಿಕೊಳ್ಳುವ ಈ ಉಪಕರಣವನ್ನು ಸ್ಟುಟ್‌ಗಾರ್ಟಿನಲ್ಲಿ ೧೮೮೬ರಲ್ಲಿ ಕಾರ್ಯಾಗಾರ ತೆರೆದ ರಾಬರ್ಟ್ ಬಾಷನು ಮರುವರ್ಷವೇ ಸ್ಥಿರ ಇಂಜಿನೊಂದಕ್ಕೆ ಮಾಡಿಕೊಟ್ಟನು. ೧೮೯೭ರಲ್ಲಿ ಅದನ್ನು ವೇಗದ ಇಂಜಿನುಳ್ಳ ಡಿ ಡಿಯಾನ್ ಮುಚ್ಚಕ್ರಕ್ಕೆ ಹೊಂದಿಸಲಾಯಿತು. ಅವನ ಸಹಾಯಕ ಗೊಟ್ಲೋಬ್ ಹೊನೋಲ್ಡನು ಅಧಿಕ ವೋಲ್ಟಿನ ಮ್ಯಾಗ್ನೆಟೊವನ್ನು ಸಿದ್ಧಪಡಿಸಿ ೧೯೦೨ರಲ್ಲಿ ಪ್ಲಗ್ಗಿನೊಡನೆ ಬಳಕೆಗೆ ತಂದ ಮೇಲೆ ಯೂರೋಪಿನ ಒಳ್ಳೆಯ ಗಾಡಿಗಳೆಲ್ಲ ಅದನ್ನೇ ಅವಲಂಬಿಸಿದವು. ಆ ಅವಲಂಬನೆ ಎಷ್ಟಿತ್ತೆಂದರೆ, ೧೯೧೪ರಲ್ಲಿ ಮಹಾಯುದ್ಧ ತೊಡಗಿದಾಗ ತನಗೆ ಬೇಕಾದ ಮ್ಯಾಗ್ನೆಟೊಗಳ ಬಹುಭಾಗ ಶತ್ರುದೇಶದಿಂದ ಬರುತ್ತಿತ್ತೆಂಬುದನ್ನು ಬ್ರಿಟನ್ ಗಾಬರಿಯಿಂದ ಕಂಡುಕೊಂಡಿತು. ಬಾಷ್ ಹೆಸರಿಗೂ ನಮ್ಮ ನಾಡಿಗೂ ಮುಂದೆ ಸಂಬಂಧ ಬೆಳೆಯಿತು. ೧೯೫೧ರಲ್ಲಿ ಸ್ಥಾಪಿತವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಬೆಂಗಳೂರಿನ ಆಡುಗೋಡಿಯಲ್ಲಿ ತಯಾರಿಸಿದ ಸ್ಪಾರ್ಕ್ ಪ್ಲಗ್ಗು ಮೈಕೋ ಪ್ಲಗ್ಗೆಂದೇ ದೇಶದ ಎಲ್ಲ ವರ್ಕ್‌ಷಾಪುಗಳಲ್ಲಿ ಪರಿಚಿತವಾಯಿತು. ಇನ್ನು ಮ್ಯಾಗ್ನೆಟೊದ ದೋಷಗಳೆಂದರೆ ಎರಡೇ ಮುಖ್ಯ: ಕಾಲಕ್ರಮದಲ್ಲಿ ಅಯಸ್ಕಾಂತದ ಶಕ್ತಿ ಕುಂದುವುದು, ಮತ್ತು ಇಂಜಿನನ್ನು ಕೈಯಿಂದ ತಿರುಗಿಸುವಾಗಿನ ನಿಧಾನಗತಿಯಲ್ಲಿ ಕಿಡಿ ದುರ್ಬಲವಾಗುವುದು. ಓಡುವಾಗ ಅದು ಬಲಿಷ್ಠ, ಹೊರಡುವಾಗ ದುರ್ಬಲ. ಈ ವೈಪರೀತ್ಯವನ್ನು ಮುಂದೆ ನೆನಪಿಡಬೇಕಾಗುವುದು.

ಇಲ್ಲಿ ಅಮೆರಿಕದ ಒಂದು ಗಾಡಿಯ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. ೧೯೦೮ರಿಂದ ೧೯೨೭ರವರೆಗೆ ಒಂದೂವರೆ ಕೋಟಿಯಷ್ಟು ಸಂಖ್ಯೆಯಲ್ಲಿ ತಯಾರಾದ ಫೋರ್ಡ್ ಟಿ ಮಾದರಿಯ ಇಗ್ನಿಷನ್ ಹಳೆಯದು ಹೊಸದು ಎರಡರ ವಿಚಿತ್ರ ಸಮ್ಮಿಶ್ರಣ. ಇಂಜಿನಿನ ಗಾಲಿಗೆ ಬಿಗಿದ ಹದಿನಾರು ಅಯಸ್ಕಾಂತಗಳು ತಿರುಗುತ್ತ ಕಡಿಮೆ ವೋಲ್ಟಿನ ವಿದ್ಯುತ್ತನ್ನು ಹುಟ್ಟಿಸುತ್ತಿದ್ದವು. ಚಾಲಕನ ಮುಂದಿನ ಮರದ ಪೆಟ್ಟಿಗೆಯೊಂದರಲ್ಲಿ ನಾಲ್ಕು ಸಿಲಿಂಡರುಗಳಿಗೆ ನಾಲ್ಕು ಸುರುಳಿಗಳು. ಒಂದೊಂದರ ತಲೆಯ ಮೇಲೂ ಬೆನ್ಜನ ಕಾಲದ್ದೇ ಆದ ಕಂಪಕ. ಇಂಜಿನಿನ ಮುಂಭಾಗದಲ್ಲಿ ತಿರುಗುವ ಟೈಮರು ಯಾವ ಸುರುಳಿಯ ಸರದಿ ಬಂದಿದೆಯೋ ಅದಕ್ಕೆ ವಿದ್ಯುತ್ತನ್ನು ಒದಗಿಸಿದೊಡನೆ ಆ ಕಂಪಕ ಜೀರುಂಡೆಯಂತೆ ಝೇಂಕರಿಸಿ ಕಿಡಿಗಳ ಸಾಲನ್ನೇ ಕಳುಹಿಸುವುದು. ಸ್ಟೇರಿಂಗಿನ ಎಡಗಡೆಯ ಸನ್ನೆಯಿಂದ ಕಿಡಿಯ ಕ್ಷಣವನ್ನು ಹಿಂದಕ್ಕೂ ಮುಂದಕ್ಕೂ ಸರಿಸುವ ಹೊಣೆ ಚಾಲಕನದೇ. ಹ್ಯಾಂಡಲ್ ಹೊಡೆಯುವ ಮೊದಲು ಆ ಸನ್ನೆಯನ್ನು ಹಿಂದಕ್ಕೆ ಸರಿಸಲು ಮರೆತರೆ ಇಂಜಿನು ಹಿಮ್ಮುಖವಾಗಿ ಒದೆಯುವುದು. ಆ ಒದೆತದಿಂದ ಮಣಿಕಟ್ಟಿನ ಮೂಳೆ ಮುರಿಯುವುದು ಅಂದಿನ ವೈದ್ಯರಿಗೆ ಚಿರಪರಿಚಿತ ವಿಷಯ.

ಫೋರ್ಡ್ ಕಾರ್ಖಾನೆಯವರು ಗಾಡಿಯೊಡನೆ ಕೊಡುತ್ತಿದ್ದ ಪ್ರಶ್ನೋತ್ತರ ರೂಪದ ಕೈಪಿಡಿಯಲ್ಲಿ ಯಾವ ಸಿಲಿಂಡರು ಕೆಲಸಮಾಡುತ್ತಿಲ್ಲವೆಂಬುದನ್ನು ತಿಳಿಯುವ ವಿಧಾನವುಂಟು. ಅದರ ಸಾರಾಂಶ ಹೀಗೆ. ಇಂಜಿನು ಸಾಕಷ್ಟು ವೇಗವಾಗಿ ನಡೆಯುತ್ತಿರುವಾಗ ಮೊದಲನೆಯ ಮತ್ತು ನಾಲ್ಕನೆಯ ಕಂಪಕಗಳನ್ನು ಬೆರಳುಗಳಿಂದ ಒತ್ತಿ ಹಿಡಿಯಬೇಕು. ಆಗ ಎರಡನೆಯ ಮತ್ತು ಮೂರನೆಯ ಸಿಲಿಂಡರುಗಳಷ್ಟೇ ನಡೆಯುವುವು. ಅವುಗಳ ಸದ್ದು ಕ್ರಮವಾಗಿದ್ದರೆ ದೋಷ ಹೊರಗಿನ ಎರಡರಲ್ಲಿ ಒಂದರಲ್ಲಿದೆ ಎಂದಾಯಿತು. ಅನಂತರ ನಾಲ್ಕನೆಯದನ್ನು ಬಿಟ್ಟು ಉಳಿದ ಮೂರನ್ನೂ ಒತ್ತಬೇಕು. ನಾಲ್ಕನೆಯದು ಸರಿಯಾಗಿ ಹೊಡೆಯುತ್ತಿದ್ದರೆ ಅಪರಾಧಿ ಮೊದಲನೆಯದು. ನಾಲ್ಕು ಸಂಶಯಗಳನ್ನು ಎರಡಾಗಿ, ಎರಡನ್ನು ಒಂದಾಗಿ ಇಳಿಸುವ ಈ ಕ್ರಮದಲ್ಲಿ ಯಾವ ಉಪಕರಣವೂ ಇಲ್ಲ. ಬೆರಳೂ ಕಿವಿಯೂ ಸಾಕು. ತರ್ಕಶಾಸ್ತ್ರದ ಪಾಠದಲ್ಲಿ ವಿದ್ಯಾರ್ಥಿಗಳು ಕಲಿಯುವ ನಿರಸನ ಕ್ರಮವನ್ನು ಅಯೋವಾದ ರೈತನು ಮುಸುಕಿನ ಜೋಳದ ಹೊಲದ ಬದಿಯಲ್ಲಿ ನಿಂತು ಆಚರಿಸುತ್ತಿದ್ದನೆಂಬುದು ಯಂತ್ರಗಳ ಇತಿಹಾಸದಲ್ಲಿ ಸಣ್ಣ ಸಂಗತಿಯಲ್ಲ. ಟಿ ಮಾದರಿಯ ದೋಷಗಳೂ ಅದರ ಕಾಲಕ್ಕೆ ಒಪ್ಪುವಂಥವು. ಮರದ ಪೆಟ್ಟಿಗೆಗೆ ತೇವ ಹಿಡಿದರೆ ವಿದ್ಯುತ್ತು ಸೋರುವುದು. ಚಳಿಗಾಲದ ಬೆಳಗಿನಲ್ಲಿ ಟೈಮರಿನೊಳಗಿನ ಎಣ್ಣೆ ಗಟ್ಟಿಯಾಗಿ ಉರುಳೆಯು ಸಂಪರ್ಕವನ್ನು ಮುಟ್ಟದೆ ಹೋಗುವುದು. ಎರಡಕ್ಕೂ ಒಲೆಯ ಬಿಸಿಯೇ ಮದ್ದು.

ಈ ಝೇಂಕಾರವನ್ನು ಅಡಗಿಸಿದವನು ಓಹಾಯೋ ಸಂಸ್ಥಾನದ ಡೇಟನ್ ಊರಿನ ಚಾರ್ಲ್ಸ್ ಕೆಟರಿಂಗನು. ನಗದು ಲೆಕ್ಕದ ಯಂತ್ರಗಳನ್ನು ಮಾಡುವ ಸಂಸ್ಥೆಯಲ್ಲಿ ಕೆಲಸದಲ್ಲಿದ್ದಾಗಲೇ ಎಡ್ವರ್ಡ್ ಡೀಡ್ಸನ ಮನೆಯ ಹಿಂದಣ ಕೊಟ್ಟಿಗೆಯಲ್ಲಿ ಗೆಳೆಯರೊಡನೆ ಪ್ರಯೋಗ ನಡೆಸಿ, ಕಂಪಕವಿಲ್ಲದೆ ಒಂದು ಸರದಿಗೆ ಒಂದೇ ಬಲವಾದ ಕಿಡಿಯನ್ನು ಕೊಡುವ ಬ್ಯಾಟರಿ ಇಗ್ನಿಷನ್ ಕ್ರಮವನ್ನು ಸಿದ್ಧಪಡಿಸಿದನು. ೧೯೦೯ರಲ್ಲಿ ಡೆಲ್ಕೊ ಸಂಸ್ಥೆ ಹುಟ್ಟಿತು. ಕ್ಯಾಡಿಲಾಕ್ ಗಾಡಿಗಳು ಈ ಇಗ್ನಿಷನ್ನನ್ನು ಅಳವಡಿಸಿಕೊಂಡವು. ೧೯೧೨ರ ಕ್ಯಾಡಿಲಾಕಿನಲ್ಲಿ ವಿದ್ಯುತ್ತಿನಿಂದಲೇ ಇಂಜಿನನ್ನು ಹೊರಡಿಸುವ ಸೆಲ್ಫ್ ಕೂಡ ಬಂದಿತು. ಸೆಲ್ಫ್ ಬಂದ ಮೇಲೆ ಗಾಡಿಯಲ್ಲಿ ದೊಡ್ಡ ಬ್ಯಾಟರಿಯೂ ಅದನ್ನು ತುಂಬುವ ಡೈನಮೊವೂ ಹೇಗೂ ಇರುವುದರಿಂದ ಮ್ಯಾಗ್ನೆಟೊಗೆ ಪ್ರತ್ಯೇಕ ಕಾರಣವೇ ಉಳಿಯಲಿಲ್ಲ. ಹೊರಡುವಾಗ ಮ್ಯಾಗ್ನೆಟೊ ದುರ್ಬಲ, ಬ್ಯಾಟರಿ ಬಲಿಷ್ಠ ಎಂಬುದೂ ನಿರ್ಣಾಯಕವಾಯಿತು. ಮುಂದೆ ಅರ್ಧ ಶತಮಾನಕ್ಕೂ ಮಿಕ್ಕು ಪ್ರಪಂಚದ ಬಹುಪಾಲು ಪೆಟ್ರೋಲ್ ಕಾರುಗಳು, ನಮ್ಮ ರಸ್ತೆಗಳಲ್ಲಿ ತಲೆಮಾರುಗಳ ಕಾಲ ಕಾಣುತ್ತಿದ್ದ ಅಂಬಾಸಡರ್ ಮತ್ತು ಫಿಯಟ್ ಗಾಡಿಗಳೂ ಸೇರಿ, ಕೆಟರಿಂಗನ ಕ್ರಮವನ್ನೇ ಅನುಸರಿಸಿದವು. ಇಂದು ಹಳೆಯ ಕಾರುಗಳ ಇಗ್ನಿಷನ್ ದೋಷವೆಂದು ಮಾತನಾಡುವಾಗ ಬಹುಮಟ್ಟಿಗೆ ಈ ಕ್ರಮದ ದೋಷವೆಂದೇ ಅರ್ಥ.

ಅದರ ಕಾರ್ಯವನ್ನು ತಿಳಿಯದೆ ದೋಷವನ್ನು ತಿಳಿಯುವಂತಿಲ್ಲ. ಬ್ಯಾಟರಿಯ ಆರು ಅಥವಾ ಹನ್ನೆರಡು ವೋಲ್ಟಿನ ಪ್ರವಾಹವು ಕಾಯಿಲಿನ ಪ್ರಥಮ ಸುರುಳಿಯಲ್ಲಿ ಹರಿದು, ಡಿಸ್ಟ್ರಿಬ್ಯೂಟರಿನೊಳಗಿನ ಎರಡು ಸಣ್ಣ ಪಾಯಿಂಟುಗಳ ಮೂಲಕ ಗಾಡಿಯ ಲೋಹದ ಮೈಯನ್ನು ಸೇರುತ್ತದೆ. ತಿರುಗುವ ಕ್ಯಾಮು ಪಾಯಿಂಟುಗಳನ್ನು ಅಗಲಿಸಿದೊಡನೆ ಪ್ರವಾಹ ಕಡಿಯುವುದು. ಅದು ಕಟ್ಟಿದ್ದ ಕಾಂತಕ್ಷೇತ್ರ ಕುಸಿಯುವುದು. ಸಾವಿರಾರು ಸುತ್ತುಗಳ ದ್ವಿತೀಯ ಸುರುಳಿಯಲ್ಲಿ ಹತ್ತಾರು ಸಾವಿರ ವೋಲ್ಟುಗಳವರೆಗೂ ಏರಬಲ್ಲ ಒತ್ತಡ ಹುಟ್ಟುವುದು. ಡಿಸ್ಟ್ರಿಬ್ಯೂಟರಿನ ರೋಟರು ಅದನ್ನು ಸರದಿಯ ಪ್ಲಗ್ಗಿಗೆ ಹಂಚುವುದು. ನಾಲ್ಕು ಸಿಲಿಂಡರಿನ ಇಂಜಿನು ನಿಮಿಷಕ್ಕೆ ೩,೦೦೦ ಸುತ್ತು ತಿರುಗುವಾಗ ಸೆಕೆಂಡಿಗೆ ನೂರು ಸಲ ಈ ಇಡೀ ವ್ಯಾಪಾರ ನಡೆದು ಮುಗಿಯಬೇಕು. ಪಾಯಿಂಟುಗಳ ನಡುವಿನ ಅಂತರ ಒಂದು ಇಂಚಿನ ಸಾವಿರದಲ್ಲಿ ಹದಿನೈದು ಪಾಲು ಮಾತ್ರ. ಕ್ಯಾಮನ್ನು ಮುಟ್ಟುವ ನಾರಿನ ಹಿಮ್ಮಡಿ ಸವೆದಂತೆ ಆ ಅಂತರ ಕಿರಿದಾಗಿ, ಪಾಯಿಂಟು ತಡವಾಗಿ ತೆರೆದು, ಕಿಡಿಯೂ ತಡವಾಗುವುದು. ಚಾಲಕನಿಗೆ ಮಾತ್ರ ಗಾಡಿ ದಿಬ್ಬ ಹತ್ತಲು ಹಿಂದಿನಂತೆ ಉತ್ಸಾಹ ತೋರಿಸುತ್ತಿಲ್ಲವೆಂದಷ್ಟೇ ತೋರುವುದು.

ಪಾಯಿಂಟಿನ ಪಕ್ಕದಲ್ಲಿಯೇ ಕಿರುಬೆರಳಿನ ಎರಡು ಗೆಣ್ಣಿಗಿಂತ ದೊಡ್ಡದಲ್ಲದ ಒಂದು ಲೋಹದ ಡಬ್ಬಿಯಿದೆ. ಅದೇ ಕಂಡೆನ್ಸರ್. ಪಾಯಿಂಟು ತೆರೆದ ಕ್ಷಣದಲ್ಲಿ ಪ್ರಥಮ ಸುರುಳಿಯಲ್ಲಿಯೂ ನೂರಾರು ವೋಲ್ಟಿನ ಪ್ರತಿಒತ್ತಡ ಏಳುತ್ತದೆ. ತಡೆಯುವ ಉಪಾಯವಿಲ್ಲದಿದ್ದರೆ ಅದು ಪಾಯಿಂಟುಗಳ ನಡುವೆಯೇ ಸಣ್ಣ ಮಿಂಚಾಗಿ ಹಾರುವುದು. ಪ್ರವಾಹ ಥಟ್ಟನೆ ಕಡಿಯದೆ ಎಳೆದಾಡುತ್ತ ಕಡಿಯುವುದು. ಪ್ಲಗ್ಗಿಗೆ ಬಲವಾದ ಕಿಡಿ ದೊರೆಯದು. ಆ ಒತ್ತಡವನ್ನು ಕ್ಷಣಕಾಲ ನುಂಗಿಕೊಳ್ಳುವುದೇ ಕಂಡೆನ್ಸರಿನ ಕೆಲಸ. ಫ್ರಾನ್ಸಿನ ಫಿಜೋ ಎಂಬ ಭೌತವಿಜ್ಞಾನಿ ೧೮೫೩ರಷ್ಟು ಹಿಂದೆಯೇ ಪ್ರಯೋಗಶಾಲೆಯ ಸುರುಳಿಗೆ ಸೂಚಿಸಿದ ಉಪಾಯವಿದು. ಎಂದರೆ ಮೋಟಾರು ಗಾಡಿಗಿಂತ ಅದರ ಕಂಡೆನ್ಸರೇ ಮೂವತ್ತು ವರ್ಷ ಹಿರಿಯದು! ಒಳಗೆ ಕಾಗದ ಮತ್ತು ಲೋಹದ ತೆಳುಹಾಳೆಗಳ ಸುರುಳಿ, ಬೆಲೆ ಅಲ್ಪ, ಹೊರಗಿನಿಂದ ನೋಡಿದರೆ ಸರಿಯಾದುದಕ್ಕೂ ಕೆಟ್ಟುದಕ್ಕೂ ಭೇದವಿಲ್ಲ. ಪೂರ್ತಿ ಸುಟ್ಟು ಒಳಗೊಳಗೇ ಕೂಡಿಕೊಂಡರೆ ಕಿಡಿಯೇ ಇಲ್ಲ. ಅದರ ಸಂಬಂಧ ಕಡಿದರೆ ಪಾಯಿಂಟುಗಳು ಕರಗಿ ಕಪ್ಪಾಗುವುವು. ಈ ಎರಡೂ ಸುಲಭ. ಕಷ್ಟವಿರುವುದು ಮೂರನೆಯ ಬಗೆಯಲ್ಲಿ: ತಣ್ಣಗಿರುವಾಗ ಸರಿಯಾಗಿದ್ದು, ಬಿಸಿಯಾದಾಗ ಮಾತ್ರ ಸೋರುವುದು.

ಇಂತಹ ಒಂದು ಪ್ರಕರಣ ಕೆಲವು ವರ್ಷಗಳ ಹಿಂದೆ ನಮ್ಮ ನೇರ ಅನುಭವಕ್ಕೆ ಬಂದಿತು. ಪರಿಚಿತರೊಬ್ಬರ ಮನೆಯಲ್ಲಿದ್ದ ಹಳೆಯ ನಾಲ್ಕು ಸಿಲಿಂಡರಿನ ಕಾರು ಬೆಳಿಗ್ಗೆ ಒಂದೇ ಸೆಲ್ಫಿಗೆ ಹೊರಡುತ್ತಿತ್ತು. ಇಪ್ಪತ್ತು ನಿಮಿಷ ಓಡಿದ ಮೇಲೆ ಮಿಸ್ ಹೊಡೆದು ನಿಲ್ಲುತ್ತಿತ್ತು. ಅರ್ಧ ಗಂಟೆ ಬಿಟ್ಟರೆ ಏನೂ ಆಗದ ಹಾಗೆ ಮತ್ತೆ ಹೊರಡುತ್ತಿತ್ತು. ಇತಿಹಾಸದ ವಿದ್ಯಾರ್ಥಿಗಳಾದ ನಮಗೆ ಕಾರಿಗಿಂತ ಅದರ ಡಬ್ಬಿಯಲ್ಲಿ ದೊರೆತ ದುರಸ್ತಿ ಬಿಲ್ಲುಗಳ ಕಟ್ಟು ಮೊದಲು ಸೆಳೆಯಿತು. ತಾರೀಖಿನ ಪ್ರಕಾರ ಜೋಡಿಸಿ ಓದಿದಾಗ ಅದು ಒಂದು ತಪ್ಪು ಊಹೆಯ ದಿನಚರಿಯೇ ಆಗಿತ್ತು. ಮೊದಲು ಹೊಸ ಪ್ಲಗ್ಗುಗಳೂ, ಪಾಯಿಂಟು ಕಂಡೆನ್ಸರುಗಳೂ, ಅನಂತರ ಪೆಟ್ರೋಲ್ ಪಂಪು, ಬಳಿಕ ಕಾರ್ಬ್ಯುರೇಟರಿನ ಶುದ್ಧಿ, ಎರಡು ಸಲ, ಆಮೇಲೆ ಕಾಯಿಲು, ಕೊನೆಗೆ ಟ್ಯಾಂಕನ್ನೇ ಇಳಿಸಿ ತೊಳೆದಿದ್ದರು. ಬಿಸಿಯಲ್ಲಿ ನಿಲ್ಲುವ ಗಾಡಿಯಲ್ಲಿ ಪೆಟ್ರೋಲು ಕೊಳವೆಯಲ್ಲಿಯೇ ಆವಿಯಾಗಿ ತಡೆಯೊಡ್ಡುವ ಸಂಭವವಿರುವುದರಿಂದ ಇಂಧನದ ಮೇಲೆ ಸಂಶಯ ಬಂದುದು ಅಸಹಜವಲ್ಲ. ಆದರೆ ಪ್ರತಿಯೊಂದು ಪರೀಕ್ಷೆಯೂ ಗಾಡಿ ವರ್ಕ್‌ಷಾಪಿಗೆ ಬಂದು ತಣ್ಣಗಾದ ಮೇಲೆ ನಡೆದಿತ್ತು. ತಣ್ಣಗಿರುವಾಗ ಅದರಲ್ಲಿ ದೋಷವೇ ಇರಲಿಲ್ಲ!

ನಿವೃತ್ತರಾದ ವೃದ್ಧ ಮೆಕ್ಯಾನಿಕರೊಬ್ಬರನ್ನು ಜೊತೆಗೆ ಕರೆದುಕೊಂಡು ನಾವು ಆ ಕಾರಿನಲ್ಲಿ ಹೊರಟೆವು. ಅವರ ಕೈಚೀಲದಲ್ಲಿ ಒಂದು ಬಲ್ಬಿಗೆ ಎರಡು ತಂತಿ ಬೆಸೆದ ಟೆಸ್ಟ್ ಲ್ಯಾಂಪ್, ಒಂದು ಸ್ಕ್ರೂಡ್ರೈವರ್, ಉಪ್ಪುಕಾಗದದ ಚೂರು, ಒಂದು ಹಳೆಯ ಕಂಡೆನ್ಸರ್ ಇಷ್ಟೇ ಇದ್ದುವು. “ಅದು ನಿಲ್ಲೋವರೆಗೂ ನಾವೇನೂ ಮುಟ್ಟೋದು ಬೇಡ ಸ್ವಾಮಿ” ಎಂದರು. ಗಾಡಿ ನಿಂತೊಡನೆ ಇಳಿದು, ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿನ ನಡುವಿಗೆ ಬರುವ ದಪ್ಪ ತಂತಿಯನ್ನು ಕಿತ್ತು, ಒಣಬಟ್ಟೆಯಲ್ಲಿ ಹಿಡಿದು, ಅದರ ತುದಿಯನ್ನು ಇಂಜಿನಿನ ಲೋಹದಿಂದ ಕಾಲು ಇಂಚಿನಷ್ಟು ದೂರದಲ್ಲಿರಿಸಿ ಸೆಲ್ಫ್ ಹೊಡೆಯಲು ಹೇಳಿದರು. ನೀಲಿಯಾಗಿ ಚಟ್ಟೆನ್ನಬೇಕಾದ ಕಿಡಿ ಹಳದಿಯಾಗಿ, ದಾರದಂತೆ ತೆಳುವಾಗಿ ಬಂದಿತು. ನಡುನಡುವೆ ಬರಲೇ ಇಲ್ಲ. ಪೆಟ್ರೋಲಿನ ಪ್ರಶ್ನೆ ಅಲ್ಲಿಗೆ ಮುಗಿಯಿತು. ಕಂಡೆನ್ಸರಿನ ತಂತಿಯನ್ನು ಬಿಚ್ಚಿ, ತಮ್ಮ ಚೀಲದಲ್ಲಿದ್ದ ಹಳೆಯದನ್ನು ಡಿಸ್ಟ್ರಿಬ್ಯೂಟರಿನ ಹೊರಗೆ ತಾತ್ಕಾಲಿಕವಾಗಿ ಸಿಕ್ಕಿಸಿದರು. ಕಿಡಿ ನೀಲಿಗೆ ತಿರುಗಿತು. ಕೆಟ್ಟಿದ್ದುದು ಬಿಲ್ಲುಗಳ ಪೈಕಿ ಮೊದಲನೆಯದರಲ್ಲಿಯೇ ಹೊಸದಾಗಿ ಹಾಕಿಸಿದ್ದ ಕಂಡೆನ್ಸರು. ಹೊಸದನ್ನು ಹಾಕಿಯಾಗಿದೆ ಎಂಬ ಕಾರಣದಿಂದಲೇ ಮುಂದೆ ಯಾರೂ ಅದನ್ನು ಸಂಶಯಿಸಿರಲಿಲ್ಲ. ಒಂದೇ ದಿನ ಪ್ಲಗ್ಗು, ಪಾಯಿಂಟು, ಕಂಡೆನ್ಸರುಗಳನ್ನೆಲ್ಲ ಒಟ್ಟಿಗೆ ಬದಲಾಯಿಸಿದ್ದರಿಂದ ಮೂಲದೋಷ ಯಾವುದಿತ್ತೆಂಬುದಕ್ಕೂ ಸಾಕ್ಷ್ಯ ಉಳಿದಿರಲಿಲ್ಲ. ಹಸ್ತಪ್ರತಿಯನ್ನು ತಿದ್ದುವಾಗ ಮೂಲಪಾಠವನ್ನು ಅಳಿಸಿಹಾಕಿದ ಲಿಪಿಕಾರನ ಕೃತ್ಯಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲವೆಂದು ನಮಗೆ ಅನ್ನಿಸಿತು.

ಆ ವೃದ್ಧರು ಮೊದಲು ನಡುವಿನ ತಂತಿಗೇ ಕೈಹಾಕಿದುದು ಆಕಸ್ಮಿಕವಲ್ಲ. ಬ್ಯಾಟರಿಯಿಂದ ಪ್ಲಗ್ಗಿನವರೆಗಿನ ದಾರಿಯಲ್ಲಿ ಆ ತಂತಿ ಹೆಚ್ಚುಕಡಿಮೆ ಮಧ್ಯದ ಹೊಸ್ತಿಲು. ಅಲ್ಲಿ ಒಳ್ಳೆಯ ಕಿಡಿ ಇದ್ದರೆ ದೋಷ ಅದರ ಆಚೆ: ರೋಟರ್, ಡಿಸ್ಟ್ರಿಬ್ಯೂಟರಿನ ಮುಚ್ಚಳ, ಪ್ಲಗ್ಗಿನ ತಂತಿಗಳು, ಪ್ಲಗ್ಗುಗಳು. ಇಲ್ಲದಿದ್ದರೆ ದೋಷ ಈಚೆ. ಈಚೆಯದಾದರೆ ಟೆಸ್ಟ್ ಲ್ಯಾಂಪಿನ ಸರದಿ. ಕಾಯಿಲಿನಲ್ಲಿ ಡಿಸ್ಟ್ರಿಬ್ಯೂಟರಿನ ಕಡೆಗಿರುವ ತಿರುಪಿಗೂ ಗಾಡಿಯ ಮೈಗೂ ಅದನ್ನು ಮುಟ್ಟಿಸಿ ಇಂಜಿನನ್ನು ಮೆಲ್ಲನೆ ತಿರುಗಿಸಿದರೆ ಪಾಯಿಂಟು ತೆರೆದಾಗ ದೀಪ ಹತ್ತಬೇಕು, ಮುಚ್ಚಿದಾಗ ಆರಬೇಕು. ಸದಾ ಹತ್ತಿಯೇ ಇದ್ದರೆ ಪಾಯಿಂಟು ಕೂಡುತ್ತಿಲ್ಲ, ಅಥವಾ ಅದರ ಮೇಲೆ ಎಣ್ಣೆಯೋ ಕಿಟ್ಟವೋ ಕಟ್ಟಿದೆ. ಹತ್ತಲೇ ಇಲ್ಲವಾದರೆ ಡಿಸ್ಟ್ರಿಬ್ಯೂಟರಿಗೆ ಹೋಗುವ ತಂತಿಯನ್ನು ಬಿಚ್ಚಿ ನೋಡಬೇಕು. ಆಗ ದೀಪ ಹತ್ತಿದರೆ ವಿದ್ಯುತ್ತು ಡಿಸ್ಟ್ರಿಬ್ಯೂಟರಿನೊಳಗೆ ಎಲ್ಲಿಯೋ ಮೈಗೆ ಸೋರುತ್ತಿದೆ. ಆಗಲೂ ಹತ್ತದಿದ್ದರೆ ಕಾಯಿಲಿನ ಒಳಸುರುಳಿ ಕಡಿದಿದೆ, ಇಲ್ಲವೆ ಸ್ವಿಚ್ಚಿನಿಂದ ವಿದ್ಯುತ್ತೇ ಬರುತ್ತಿಲ್ಲ. ಒಂದು ಬಲ್ಬು ಹತ್ತುವುದು ಆರುವುದು ಎಂಬ ಎರಡೇ ಅಕ್ಷರಗಳಿಂದ ಇಷ್ಟು ವಾಕ್ಯಗಳನ್ನು ಓದಬಹುದು. ಫೋರ್ಡಿನ ಕೈಪಿಡಿಯಲ್ಲಿ ಬೆರಳುಗಳು ಮಾಡುತ್ತಿದ್ದ ವಿಭಜನೆಯನ್ನೇ ಇಲ್ಲಿ ತಂತಿಯೂ ದೀಪವೂ ಮಾಡುತ್ತಿವೆ ಎಂಬುದನ್ನು ವಾಚಕರು ಗಮನಿಸಿರಬಹುದು. ಆದರೆ ಝೇಂಕಾರ ಹೋಗಿ ಮೌನ ಬಂದಿರುವುದರಿಂದ ಕಿವಿಯ ಅಧಿಕಾರ ಕಣ್ಣಿಗೆ ವರ್ಗವಾಗಿದೆ. ಮಾತ್ರವಲ್ಲ, ಗಾಡಿಯ ಒಡೆಯನ ಅಧಿಕಾರ ಮೆಕ್ಯಾನಿಕನಿಗೆ ವರ್ಗವಾಗಿದೆ. ಅಯೋವಾದ ರೈತನಿಗೆ ತಿಳಿದಿದ್ದುದು ನಮ್ಮ ಪರಿಚಿತರಿಗೆ ತಿಳಿದಿರಲಿಲ್ಲ.

ಮುಚ್ಚಳದ ದೋಷಗಳಿಗೆ ಮಳೆನಾಡಿನ ಚಾಲಕರು ಬಹಳ ಹಿಂದಿನಿಂದ ಪರಿಚಿತರು. ಜಡಿಮಳೆಯಲ್ಲಿ ತೇವ ಹಿಡಿದ ಮುಚ್ಚಳವನ್ನು ಒಣಬಟ್ಟೆಯಿಂದ ಒರೆಸಿದರೆ ಗಾಡಿ ಹೊರಡುವುದು. ತೇವದ ದಾರಿಯಲ್ಲಿಯೇ ಪದೇ ಪದೇ ಕಿಡಿ ಹರಿದರೆ ಮುಚ್ಚಳದ ಒಳಮೈಯಲ್ಲಿ ಪೆನ್ಸಿಲಿನಿಂದ ಎಳೆದಂತಹ ಸಣ್ಣ ಕರಿಗೆರೆ ಮೂಡುವುದು; ಆಮೇಲೆ ಒರೆಸಿಯೂ ಪ್ರಯೋಜನವಿಲ್ಲ. ಕತ್ತಲೆಯಲ್ಲಿ ಹುಡ್ ಎತ್ತಿ ನೋಡಿದರೆ ಸೋರುವ ತಂತಿಯ ಸುತ್ತ ನೀಲಿಯ ಮಿಣುಕು ಕಾಣುವುದೂ ಉಂಟು. ಪ್ಲಗ್ಗುಗಳ ವಿಷಯವನ್ನು ಮೆಕ್ಯಾನಿಕರೆಲ್ಲರೂ ಬಲ್ಲರು: ಕಂದು ಬಣ್ಣವಿದ್ದರೆ ಆರೋಗ್ಯ, ಒಣ ಮಸಿಯಿದ್ದರೆ ಅತಿಯಾದ ಪೆಟ್ರೋಲು, ಎಣ್ಣೆಯ ಜಿಡ್ಡಿದ್ದರೆ ಇಂಜಿನಿನ ಸವೆತ. ಇದನ್ನು ಬೆಳೆಸುವುದು ಅನಾವಶ್ಯಕ.

ಮುಂದಿನ ಕಥೆ ಚಿಕ್ಕದು. ೧೯೬೩ರಲ್ಲಿ ಅಮೆರಿಕದ ಪಾಂಟಿಯಾಕ್ ಗಾಡಿಗಳಲ್ಲಿ ಟ್ರಾನ್ಸಿಸ್ಟರು ಇಗ್ನಿಷನ್ ಕಾಣಿಸಿಕೊಂಡಿತು. ೧೯೭೦ರ ದಶಕದ ಮಧ್ಯಭಾಗದ ಹೊತ್ತಿಗೆ ಆ ದೇಶದ ಹೊಸ ಕಾರುಗಳಲ್ಲಿ ಪಾಯಿಂಟುಗಳ ಯುಗ ಮುಗಿಯಿತೆನ್ನಬಹುದು. ಅಲ್ಲಿ ೧೯೯೬ರಿಂದ ಕಡ್ಡಾಯವಾದ ಸ್ವಯಂಪರೀಕ್ಷೆಯ ಕ್ರಮದಲ್ಲಿ ಗಾಡಿಯ ಗಣಕವೇ ದೋಷವನ್ನು ಅಂಕೆಗಳಲ್ಲಿ ಬರೆದಿಡುತ್ತದೆ. ಪಿ ೦೩೦೧ ಎಂದರೆ ಮೊದಲನೆಯ ಸಿಲಿಂಡರು ಹೊತ್ತಿಕೊಳ್ಳುತ್ತಿಲ್ಲ, ಪಿ ೦೩೦೨ ಎಂದರೆ ಎರಡನೆಯದು. ಇದನ್ನು ಗಣಕ ತಿಳಿಯುವ ಬಗೆ ಸ್ವಾರಸ್ಯಕರ. ಒಂದು ಸಿಲಿಂಡರು ತಪ್ಪಿದಾಗ ತಿರುಗುವ ದಂಡದ ವೇಗ ಒಂದು ಕ್ಷಣ ಕುಗ್ಗುತ್ತದೆ. ಆ ಕುಗ್ಗನ್ನು ಅಳೆದು ಯಾವ ಸರದಿಯಲ್ಲಿ ಅದು ಬಂತೆಂದು ಲೆಕ್ಕಹಾಕುತ್ತದೆ. ಫೋರ್ಡ್ ಗಾಡಿಯ ಒಡೆಯನು ಬೆರಳೊತ್ತಿ ಕಿವಿಗೊಟ್ಟು ಕೇಳುತ್ತಿದ್ದುದೂ ಇದೇ ತಪ್ಪಿದ ತಾಳವನ್ನು. ಆದರೆ ತಾಳ ಏಕೆ ತಪ್ಪಿತು, ಪ್ಲಗ್ಗಿನಿಂದಲೋ ಕಾಯಿಲಿನಿಂದಲೋ ತಂತಿಯಿಂದಲೋ ಎಂಬುದನ್ನು ಆ ಅಂಕೆ ಹೇಳುವುದಿಲ್ಲ. ಅದನ್ನು ಈಗಲೂ ಮನುಷ್ಯನೇ ಹುಡುಕಬೇಕು.

ಹಳೆಯ ಕಾರುಗಳನ್ನು ಪ್ರೀತಿಯಿಂದ ಇಟ್ಟುಕೊಂಡಿರುವವರಲ್ಲಿ ಹಲವರು ಇಂದು ಡಿಸ್ಟ್ರಿಬ್ಯೂಟರಿನ ಮುಚ್ಚಳದ ಕೆಳಗೆ ಪಾಯಿಂಟಿನ ಬದಲು ಸಣ್ಣ ಎಲೆಕ್ಟ್ರಾನಿಕ್ ತುಣುಕನ್ನು ಅಳವಡಿಸುತ್ತಾರೆ. ಸವೆತವಿಲ್ಲ, ಹೊಂದಾಣಿಕೆಯ ತೊಂದರೆಯಿಲ್ಲ. ಪ್ರತಿದಿನ ಓಡಿಸಬೇಕಾದವರನ್ನು ನಾವು ಆಕ್ಷೇಪಿಸಲಾರೆವು. ಆದರೆ ಆ ತುಣುಕು ಕೆಟ್ಟರೆ ದಾರಿಯಲ್ಲಿ ಮಾಡಬಹುದಾದುದು ಏನೂ ಇಲ್ಲ. ಪಾಯಿಂಟನ್ನು ಉಪ್ಪುಕಾಗದದಿಂದ ಉಜ್ಜಿ ಮನೆಗೆ ತಲುಪಬಹುದಾಗಿತ್ತು. ಸಂಗ್ರಹಾಲಯಗಳಲ್ಲಿರುವ ಗಾಡಿಗಳ ವಿಷಯದಲ್ಲಿ ಮಾತ್ರ ನಮ್ಮ ಆಕ್ಷೇಪಣೆ ಸ್ಪಷ್ಟ. ಲೋಹವು ಒಂದು ಪಾಯಿಂಟಿನಿಂದ ಇನ್ನೊಂದಕ್ಕೆ ಸರಿದು ಒಂದರಲ್ಲಿ ಗುಳಿಯೂ ಮತ್ತೊಂದರಲ್ಲಿ ಗುಡ್ಡವೂ ಆಗಿರುವ ಹಳೆಯ ಜೋಡಿಯು ಆ ಗಾಡಿಗೆ ಹೊಂದದ ಕಂಡೆನ್ಸರನ್ನು ಯಾರೋ ಹಾಕಿದ್ದರೆಂಬುದಕ್ಕೆ ಸಾಕ್ಷಿಯಾಗಿರಬಹುದು. ಅದನ್ನು ಕಸವೆಂದು ಎಸೆಯುವುದು ಶಾಸನದ ಕಲ್ಲನ್ನು ಕಟ್ಟಡಕ್ಕೆ ಬಳಸಿದಂತೆಯೇ ಸರಿ. ಶಾಸನವನ್ನಾದರೂ ಓದಬಲ್ಲವರು ನಮ್ಮ ವಿಭಾಗಗಳಲ್ಲಿ ತಯಾರಾಗುತ್ತಿದ್ದಾರೆ. ಸುಟ್ಟ ಪಾಯಿಂಟನ್ನು ಓದಬಲ್ಲವರು ಈಗ ಎಪ್ಪತ್ತು ದಾಟಿದ ಕೆಲವರು ಮಾತ್ರ, ಮತ್ತು ಅವರಲ್ಲಿ ಹೆಚ್ಚಿನವರು ಒಂದು ಸಾಲನ್ನೂ ಬರೆದಿಟ್ಟಿಲ್ಲ.

ಮೇಲೆ ಹೇಳಿದ ವೃದ್ಧರಿಂದ ನಾವು ಮೂರು ಸಂಜೆ ಕುಳಿತು ಕೇಳಿ ಬರೆದುಕೊಂಡೆವು. ಅವರ ವಿವರಣೆಯ ಒಂದು ಪ್ರತಿಯನ್ನು, ಬಿಸಿಯಲ್ಲಿ ಸೋರುತ್ತಿದ್ದ ಆ ಕಂಡೆನ್ಸರಿನೊಡನೆ, ಒಂದು ಲಕೋಟೆಯಲ್ಲಿ ಹಾಕಿ ಕಾರಿನ ಡಬ್ಬಿಯಲ್ಲಿದ್ದ ಬಿಲ್ಲುಗಳ ಕಟ್ಟಿಗೇ ಸೇರಿಸಿ, ತಾರೀಖು ಬರೆದು ಇಟ್ಟಿದ್ದೇವೆ.